ಡೀಸೆಲ್ ಕೆಮ್ಮಬಾರದ ದಿನ

ಆಗಸ್ಟ್ ಹದಿನೈದು ರಜೆ, ಕಚೇರಿಗಳೆಲ್ಲ ಮುಚ್ಚಿರುತ್ತವೆ, ಕರೆಂಟು ಕಡಿಮೆ ಸಾಕು ಎಂದು ಅಥೆನ್ಸಿನಲ್ಲಿ ಕೂತ ವಿದ್ಯುತ್ ಕಂಪನಿಯವರು ಆ ದಿನವೇ ಪರೀಕ್ಷೆ ಇಟ್ಟದ್ದೇ ಎಲ್ಲ ಅನಾಹುತಕ್ಕೂ ಮೂಲ. ನಮ್ಮ ದ್ವೀಪದಲ್ಲಿ ಇರುವುದೇ ಒಂದು ಕಚೇರಿ. ಆದರೆ ಅಂದು ದೇವಮಾತೆಯ ಹಬ್ಬ. ಮಾರಿಯಾ, ದೆಸ್ಪಿನಾ, ಪನಾಯೋತಿಸ್ ಎಂದು ಆ ತಾಯಿಯ ಹೆಸರು ಹೊತ್ತ ಅರ್ಧ ಊರಿಗೆ ಹೆಸರಿನ ಹಬ್ಬ. ಮನೆಮನೆಯ ಬಾಗಿಲೂ ತೆರೆದಿರುತ್ತದೆ, ಮನೆಮನೆಯ ಒಲೆಯೂ ಕಾದಿರುತ್ತದೆ.

ಇಪ್ಪತ್ತೆಂಟು ವರ್ಷ ಡೀಸೆಲ್ ಯಂತ್ರದ ಪಕ್ಕ ನಿಂತು ಅರ್ಧ ಕಿವುಡಾಗಿದ್ದ ಅರ್ಗಿರಿಸ್‌ಗಂತೂ ಅದು ಜೀವಮಾನದ ಹಬ್ಬ. ವರ್ಷವರ್ಷಕ್ಕೆ ಸೆಖೆ ಏರುತ್ತಿದೆ, ಈ ಹೊಗೆ ನಿಲ್ಲಲೇಬೇಕು ಎಂದು ಗುಡ್ಡದ ಮೇಲೆ ಗಾಳಿಯಂತ್ರ, ಇಳಿಜಾರಿನಲ್ಲಿ ಸೋಲಾರ್, ಬುಡದಲ್ಲಿ ಮನೆಯಷ್ಟು ದೊಡ್ಡ ಬ್ಯಾಟರಿ ಬಂದು ಕೂತಿದ್ದವು. ಸೂರ್ಯ ಹುಟ್ಟಿ ಮುಳುಗುವವರೆಗೆ ಡೀಸೆಲ್ ಒಮ್ಮೆಯೂ ಕೆಮ್ಮದಿದ್ದರೆ ಪರೀಕ್ಷೆ ಪಾಸು. ಪಾಸಾದರೆ ಅರ್ಗಿರಿಸ್‌ಗೆ ಹೊಸ ನಿಯಂತ್ರಣ ಕೋಣೆಯಲ್ಲಿ ಸದ್ದಿಲ್ಲದ ಕೆಲಸ. ಬ್ಯಾಟರಿ ಇಪ್ಪತ್ತು ಪರ್ಸೆಂಟಿಗೆ ಇಳಿದರೆ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಎಲ್ಲ ಮಣ್ಣುಪಾಲು.

ಆಗಸ್ಟಿಡೀ ಟೋಪಿ ಹಾರಿಸುವ ಗಾಳಿ ಅಂದೇ ಮುನಿದ ನೆಂಟನಂತೆ ನಿಂತುಬಿಟ್ಟಿತು. ಮಧ್ಯಾಹ್ನ ಮೂರಕ್ಕೆ ಅಥೆನ್ಸಿನ ಎಂಜಿನಿಯರ್ ಹುಡುಗಿ ದಾನೈ ಮಾನಿಟರ್ ಮುಂದೆ ಕೂಗಿದಳು, "ನಲವತ್ತೊಂದು ಪರ್ಸೆಂಟ್, ಅರ್ಗಿರಿಸ್ ಸರ್! ಈ ಜನ ಏನ್ ಮಾಡ್ತಿದ್ದಾರೆ?"

"ಮಾಂಸ ಬೇಯಿಸ್ತಿದ್ದಾರಮ್ಮ! ನಾನು ಹೋಗಿ ಕೈಮುಗಿದು ಹೇಳ್ತೀನಿ, ಓವನ್ ಆರಿಸ್ರೋ ಅಂತ!"

ಮೊದಲ ಮನೆ ದೆಸ್ಪಿನಾಳದು. ಬಾಯಿ ತೆರೆಯುವ ಮುಂಚೆಯೇ ಅವಳು ಕೈ ಹಿಡಿದು ಎಳೆದಳು. "ಬಾರೋ ಮಾರಾಯ! ವರ್ಷಕ್ಕೊಂದ್ಸಲ ನನ್ನ ಹೆಸರಿನ ಹಬ್ಬ, ಬಾಗಿಲಲ್ಲೇ ನಿಂತು ಮಾತಾಡ್ತೀಯಾ?"

"ದೆಸ್ಪಿನಕ್ಕಾ, ಓವನ್ನು..."

"ಗೊತ್ತು ಕಣೋ, ಪರಿಮಳಕ್ಕೇ ಬಂದಿದ್ದೀಯ. ಕೂತ್ಕೋ, ಇನ್ನೊಂದು ತಟ್ಟೆ ಈಗಲೇ ಇಡ್ತೀನಿ!"

ಇನ್ನೊಂದು ತಟ್ಟೆ ಓವನ್ ಒಳಗೆ, ಕಾಫಿ ಕರೆಂಟ್ ಒಲೆ ಮೇಲೆ, ಬೆವರುತ್ತಿದ್ದ ಅತಿಥಿಗೆಂದು ಎ.ಸಿ. ಇನ್ನೂ ಜೋರು. ಚಮಚದ ತುಂಬ ಚೆರ್ರಿಪಾಕ ತಿನ್ನದೆ ಏಳುವುದು ಹಬ್ಬಕ್ಕೇ ಅವಮಾನ. ತಿಂದ. ಮುಂದಿನದು ಮಾರಿಯಾ ಮನೆ, ಅದರ ಮುಂದಿನದು ಇನ್ನೊಬ್ಬ ಮಾರಿಯಾಳದು, ಅದರಾಚೆ ಪನಾಯೋತಿಸ್. ಎಲ್ಲ ಕಡೆಯೂ ಪಾಕ, ಎಲ್ಲ ಕಡೆಯೂ ಬಿಸಿ ಬಿಸಿ ಕಾಫಿ.

ಫೋನು ಬಂತು. "ಸರ್, ನೀವು ಹೋದ ಬೀದೀಲೇ ಲೋಡ್ ಏರ್ತಿದೆ! ನೀವು ಒಳಗೆ ಹೋದ್ರೆ ಏರತ್ತೆ, ಹೊರಗೆ ಬಂದ್ರೂ ಇಳಿಯಲ್ಲ! ಇಪ್ಪತ್ತೊಂಬತ್ತು!"

"ನಾನೇನ್ ಮಾಡ್ಲಮ್ಮ? ಇಷ್ಟು ಸಿಹಿಗೆ ನನ್ನ ರಕ್ತದಲ್ಲೇ ಒಂದು ಬಲ್ಬ್ ಉರಿಸ್ಬಹುದು!"

ಆರೂವರೆಗೆ ಗಂಡಾಂತರವೇ ಬಂತು. ಊರಿಗೆ ಊರೇ ಸಮುದ್ರದಲ್ಲಿ ಮಿಂದು ಬಂದು, ಸಂಜೆಯ ಕುಣಿತಕ್ಕೆ ಮುಂಚೆ ಉಪ್ಪು ತೊಳೆಯಲು ಗೀಸರ್ ಹಾಕಿತು. ಹಾಕಿ, ನೀರು ಕಾಯುವವರೆಗೆ ಎಂದು ಚೌಕಕ್ಕೆ ಬಂದು ಹರಟೆಗೆ ಕೂತಿತು. ಚೌಕ ತುಂಬಿ ಹೋಯಿತು. ಬ್ಯಾಟರಿ ಬರಿದಾಗುತ್ತ ಬಂತು.

"ಇಪ್ಪತ್ತೆರಡು!" ಫೋನಿನಲ್ಲಿ ದಾನೈ ಅಳುವುದೊಂದೇ ಬಾಕಿ.

ಅರ್ಗಿರಿಸ್ ಚೌಕದ ಬೆಂಚು ಹತ್ತಿದ. ಹವಾಮಾನದ ಮೇಲೆ, ಮೊಮ್ಮಕ್ಕಳ ಮೇಲೆ ಆಣೆಯಿಟ್ಟು ಮಾತಾಡಿದ. ಕಾಫಿ ಅಂಗಡಿಯ ಮಾಂತೋಸ್ ನಕ್ಕ. "ಪಾಪ, ಸಿಹಿ ತಲೆಗೇರಿದೆ. ಇಳಿಸ್ರೋ ಅವನನ್ನ!" ಪಾದ್ರಿ ಯಾಕೊವೋಸರೂ ಗಡ್ಡ ನೀವಿಕೊಂಡು, "ಇಳಿ ಮಗೂ, ಕಾಲು ಜಾರೀತು," ಎಂದರು.

"ಇಪ್ಪತ್ತೊಂದು!"

ದಿಕ್ಕು ತೋಚದೆ ಅರ್ಗಿರಿಸ್ ಎದೆ ಹರಿಯುವಂತೆ ಅರಚಿದ. "ಯಾರ್ರೀ ಅದು, ಗೀಸರ್ ಆರಿಸೋದ್ ಮರೆತು ಬಂದಿರೋದು?"

ಚೌಕದಲ್ಲಿ ಕೂತವರೆಲ್ಲ ದಡಕ್ಕನೆ ಎದ್ದರು. ಗ್ರೀಕರ ಮನೆಯಲ್ಲಿ ಹುಟ್ಟಿದ ಯಾವ ಜೀವವೂ ಈ ಪ್ರಶ್ನೆಯನ್ನು ತಡೆದುಕೊಳ್ಳಲಾರದು. ಆರಿಸದ ಗೀಸರ್ ಸಿಡಿದು ಮನೆಯೇ ಹಾರಿಹೋದೀತು ಎಂದು ತೊಟ್ಟಿಲಿನಿಂದಲೇ ಅಮ್ಮಂದಿರು ಹೆದರಿಸಿ ಬೆಳೆಸಿದ ಪ್ರಶ್ನೆ ಅದು. "ಅಯ್ಯೋ, ನಮ್ಮದೇ!" ಎಂದು ದೆಸ್ಪಿನಾ ಎದೆ ಬಡಿದುಕೊಂಡಳು. "ಇಲ್ಲ, ನಮ್ಮದು!" ಎಂದು ಮಾಂತೋಸ್ ತಟ್ಟೆ ಎಸೆದ. ಪಾದ್ರಿಗಳು ನಿಲುವಂಗಿ ಮೊಣಕಾಲಿಗೆತ್ತಿ ಎಲ್ಲರಿಗಿಂತ ಮುಂದೆ ಓಡಿದರು. ಆ ಬೀದಿ ಈ ಬೀದಿ ಎನ್ನದೆ ಊರು ದಡದಡ ಓಡಿತು, ಟಕಟಕ ಸ್ವಿಚ್ಚುಗಳು ಬಿದ್ದವು. ಓಡಿದ ಭರದಲ್ಲಿ ಓವನ್ನೂ ಆರಿತು, ಎ.ಸಿ.ಯೂ ಆರಿತು.

ಸೂರ್ಯ ಕಡಲಿಗಿಳಿದಾಗ ಬ್ಯಾಟರಿ ಇಪ್ಪತ್ತರ ಮೇಲೆ ಒಂದು ಕೂದಲೆಳೆಯಷ್ಟು ನಿಂತಿತ್ತು. ಡೀಸೆಲ್ ಕೆಮ್ಮಲಿಲ್ಲ! ಪಿಟೀಲು ಹೊಮ್ಮಿತು, ಜನ ಅರ್ಗಿರಿಸ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಷ್ಟರಲ್ಲಿ ದಾನೈ ಏದುಸಿರು ಬಿಡುತ್ತ ಓಡಿಬಂದಳು.

"ಸರ್, ದೊಡ್ಡ ಸಾಹೇಬ್ರೇ ಫೋನ್ ಮಾಡಿದ್ರು! ಐದು ನಿಮಿಷದಲ್ಲಿ ಅರ್ಧ ಊರಿನ ಲೋಡ್ ಇಳಿಸಿದ್ದು ಯಾವ ಯಂತ್ರ, ಯಾವ ದೇಶದ್ದು ಅಂತ ಕೇಳಿದ್ರು. ಯಂತ್ರ ಅಲ್ಲ ಸರ್, ನಮ್ಮ ಅರ್ಗಿರಿಸ್ ಅಂದೆ!"

"ನಿನ್ನ ಬಾಯಿಗೆ ಜೇನು ಬೀಳಲಿ ಮಗಳೇ! ಹಾಗಾದ್ರೆ ನನ್ನ ಕೋಣೆ?"

"ಅದನ್ನ ಕೈಬಿಟ್ರು! ಕಂಪ್ಯೂಟರನ್ನ ಅಥೆನ್ಸಿಂದಲೇ ನೋಡ್ಕೋತಾರಂತೆ. ನೀವು ದಿನಾ ಸಂಜೆ ಚೌಕದಲ್ಲಿ ನಿಂತು ಕೂಗ್ಬೇಕು. ನಿಮ್ಮ ಹುದ್ದೆ ಕಾಯಂ!"

ಅರ್ಗಿರಿಸ್ ಹೆಗಲುಗಳ ಮೇಲಿಂದ ಮೆಲ್ಲಗೆ ಜಾರಿದ. "ಈ ಚೌಕದಲ್ಲಿ ತಾನೇ?"

"ಭಾನುವಾರ ಮಾತ್ರ, ಸರ್. ಉಳಿದ ಆರು ದಿನಕ್ಕೆ ಬೇರೆ ಆರು ದ್ವೀಪ ಕೊಟ್ಟಿದ್ದಾರೆ."