ಚಂದ್ರನ ಮೇಲಿನ ಹುಲ್ಲು

ಎಲ್ಲಾ ಅನಾಹುತಕ್ಕೂ ಮೂಲ ಒಂದು ಚಮಚ ಕಿತ್ತಳೆ ಮಾರ್ಮಲೇಡು. ಶನಿವಾರ ಬೆಳಗ್ಗೆ ಎಂಟೂವರೆಗೆ ಅದು ನೋರಾ ಆಂಟಿಯ ಟೋಸ್ಟಿನಿಂದ ಜಾರಿ, ಸಿರಿಲ್ ಆರ್ಮರಾಡನ ಹನ್ನೊಂದು ವರ್ಷದ ಸಂಶೋಧನೆಯ ಏಕೈಕ ಸಾಕ್ಷಿಯ ಮೇಲೆ, ಅದೂ ಹುಡುಕಿಕೊಂಡು ಹೋದ ಹಾಗೆ ಬಲಗಡೆಯ ಕೆಳಮೂಲೆಗೇ ಬಿತ್ತು.

ಸಾಕ್ಷಿ ಎಂದರೆ ಒಂದು ದಪ್ಪ ರಟ್ಟು. ನಲವತ್ತು ವರ್ಷದ ಹಿಂದೆ ಹುಡುಗರ ವಾರಪತ್ರಿಕೆಯೊಂದಕ್ಕೆ ಯಾರೋ ಕೈಯಾರೆ ಚಿತ್ರ ಬರೆದುಕೊಟ್ಟ ಸಾಹಸ ಕಾಮಿಕ್ಸ್ ಚಿತ್ರಕತೆಯ ಅಸಲು ಪುಟ. ಕ್ಯಾಪ್ಟನ್ ಟ್ರೆಗಾರ್ತ್ ರಾಕೆಟ್ಟಿನಿಂದಿಳಿದು ಚಂದ್ರನ ಮೇಲೆ ಕಾಲಿಡುತ್ತಿದ್ದಾನೆ. ಬರೆದವರು ಯಾರು ಎಂದು ಎಲ್ಲೂ ಇಲ್ಲ. ಆಗಿನ ಪತ್ರಿಕೆಗಳು ಚಿತ್ರಕಾರರ ಹೆಸರು ಹಾಕುತ್ತಿರಲಿಲ್ಲ. ಹೆಸರು ಬಂದರೆ ಹೆಚ್ಚು ಸಂಬಳ ಕೇಳುತ್ತಾರೆ, ಇಲ್ಲವೇ ಎದುರಾಳಿ ಪತ್ರಿಕೆ ಅವರನ್ನು ಹಾರಿಸಿಕೊಂಡು ಹೋಗುತ್ತದೆ ಎಂಬ ಭಯ.

ಹಾಗೆ ಅನಾಮಧೇಯರಾಗಿ ಹೋದವರ ಹೆಸರು ಪತ್ತೆಮಾಡುವುದಕ್ಕೆಂದೇ ನಮ್ಮ ರಾಚ್‌ಡೇಲಿನಲ್ಲಿ ಹದಿನಾಲ್ಕು ಜನರ ಒಂದು ಬಳಗವಿದೆ. ಒಬ್ಬರು ಕಿವಿ ನೋಡಿ ಇದು ಇಂಥವರ ಕೈ ಎನ್ನುತ್ತಾರೆ, ಇನ್ನೊಬ್ಬರು ಕುದುರೆಯ ಗೊರಸು ನೋಡಿ. ಕಾರ್ಯದರ್ಶಿ ಲಯನಲ್ ಟ್ಯಾಪ್ಸ್ಕಾಟ್ ನಿವೃತ್ತ ಹಲ್ಲಿನ ಡಾಕ್ಟರು. ಖಳನಾಯಕ ನಗುವ ತನಕ ಕಾದು, ಹಲ್ಲು ಎಣಿಸಿ ತೀರ್ಪು ಕೊಡುತ್ತಾರೆ.

ಬಳಗದ ಹತ್ತಿರ ಒಂದು ದೊಡ್ಡ ಪುಸ್ತಕವಿದೆ. ಊಹೆಯನ್ನು ಅದರಲ್ಲಿ ಪೆನ್ಸಿಲಿನಲ್ಲಿ ಬರೆಯಬೇಕು. ಸಭೆ ಒಪ್ಪಿದ ಮೇಲೆ ಮಾತ್ರ ಮಸಿ. ಮಸಿಯಲ್ಲಿ ಬರೆದದ್ದು ಶಾಶ್ವತ. ಆದ್ದರಿಂದಲೇ ನೀರಿಗೂ ಬಿಸಿಲಿಗೂ ಜಗ್ಗದ ಮಸಿಯ ಸೀಸೆಯೊಂದನ್ನು ಟ್ಯಾಪ್ಸ್ಕಾಟ್ ಪೂಜೆಯ ಸಾಮಾನಿನಂತೆ ಕಾಪಾಡಿಕೊಂಡಿದ್ದರು. ಮೂರು ಸಲ ತಪ್ಪಾಗಿ ವಾದಿಸಿದವನಿಗೆ ಜೀವಮಾನದಲ್ಲಿ ಮಸಿ ಇಲ್ಲ, ಮೇಲಾಗಿ ಒಂದು ವರ್ಷ ಸಭೆಗೆಲ್ಲ ಚಹಾ ಮಾಡುವ ಕೆಲಸ.

ಸಿರಿಲ್ ಆಗಲೇ ಎರಡು ಸಲ ತಪ್ಪಿದ್ದ. ಅವನು ಹೆಸರಿಸಿದ ಮೊದಲನೆಯ ಕಲಾವಿದ ಆ ಚಿತ್ರ ಅಚ್ಚಾಗುವುದಕ್ಕೆ ಆರು ವರ್ಷ ಮೊದಲೇ ತೀರಿಕೊಂಡಿದ್ದ. ಎರಡನೆಯವನು ಬದುಕಿಯೇ ಇದ್ದ, ಆದರೆ ಅವನು ದನದ ಡಾಕ್ಟರು. ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತು, ಕೊಡೆ ನೋಡಿಯೇ ಒಡೆಯ ಯಾರೆಂದು ಹೇಳುತ್ತಿದ್ದ ಮನುಷ್ಯನಿಗೆ ಇದು ನುಂಗಲಾರದ ತುತ್ತು. ಸಾಯುವುದರೊಳಗೆ ಒಂದೇ ಒಂದು ಸಲ ಆ ಪುಸ್ತಕದಲ್ಲಿ ಮಸಿಯಲ್ಲಿ ಬರೆಯಬೇಕು ಎಂಬುದೇ ಅವನ ಜೀವನದ ಆಸೆಯಾಗಿತ್ತು.

ಈ ಸಲ ಅವನ ಕೈಯಲ್ಲಿದ್ದದ್ದು ಹುಲ್ಲು. ಮೂರು ಎಸಳು ಎಡಕ್ಕೆ ಬಾಗಿವೆ, ಒಂದು ಬಲಕ್ಕೆ, ಬುಡದಲ್ಲಿ ಎರಡು ಕಲ್ಲು. ಈ ಹುಲ್ಲು ಇನ್ನೂರ ಹದಿನಾಲ್ಕು ಚಿತ್ರಕತೆಗಳ ಬಲಮೂಲೆಯಲ್ಲಿ ಅವನಿಗೆ ಸಿಕ್ಕಿತ್ತು. ಕಾಡಿನಲ್ಲಿದ್ದರೆ ಸರಿ, ಮರುಭೂಮಿಯಲ್ಲೂ ಇತ್ತು. ಕಡಲ್ಗಳ್ಳರ ಹಡಗಿನ ಹಲಗೆಯ ಮೇಲಿತ್ತು. ಚಂದ್ರನ ಮೇಲೂ ಇತ್ತು. ಇಷ್ಟನ್ನೂ ಬರೆದವನು ಒಬ್ಬನೇ ಮಹಾ ಕಲಾವಿದ ಎಂದು ಸಿರಿಲ್ ತೀರ್ಮಾನಿಸಿ, ಅವನಿಗೆ ‘ಹುಲ್ಲುಗಾರ’ ಎಂದು ಹೆಸರಿಟ್ಟು, ಎಲ್ಲಿ ಬೇಕಾದರೂ ಚಿಗುರುವ ಬಾಳಿನ ಆಶಾವಾದದ ಬಗ್ಗೆ ಹನ್ನೊಂದು ಪುಟದ ಲೇಖನವನ್ನೂ ಬರೆದಿದ್ದ. ಇವತ್ತು ಹನ್ನೊಂದು ಗಂಟೆಗೆ ಬಳಗದ ಸಭೆಯಲ್ಲಿ ಅದರ ಮಂಡನೆ. ಕುಂಚದ ಎಳೆ ಕಾಣುವ ಅಸಲು ಪುಟ ಇದೊಂದೇ.

ಅದರ ಮೇಲೆ ಈಗ ಮಾರ್ಮಲೇಡು.

ನೋರಾ ಆಂಟಿ ಅವನ ಹೆಂಡತಿ ಹಿಲ್ಡಾಳ ಚಿಕ್ಕಮ್ಮ. ಅರವತ್ತೆಂಟು ವರ್ಷದ ಮುದುಕಿ. ಲಂಡನ್ನಿನಲ್ಲಿ ಯಾವುದೋ ಆಫೀಸಿನಲ್ಲಿದ್ದು ನಿವೃತ್ತಳಾದವಳು. ಯಾವ ಆಫೀಸು ಎಂದು ಸಿರಿಲ್ ಕೇಳಿರಲಿಲ್ಲ, ಕೇಳಿದರೆ ಹೇಳುತ್ತಾಳೆಂಬ ಹೆದರಿಕೆ. ವಾರದ ಮಟ್ಟಿಗೆ ಬಂದವಳು ಬರುವಾಗಲೇ ಕನ್ನಡಕವನ್ನು ರೈಲಿನಲ್ಲಿ ಮರೆತಿದ್ದಳು. ಟೋಸ್ಟು ತಟ್ಟೆಯ ಮೇಲಿದೆಯೋ ರಟ್ಟಿನ ಮೇಲಿದೆಯೋ ಅವಳಿಗೆ ಗೊತ್ತಾಗುವಂತಿರಲಿಲ್ಲ. ಬೇಕರಿ ಕೆಲಸಕ್ಕೆ ಹೊರಟ ಹಿಲ್ಡಾ, ಆಂಟಿಯನ್ನು ಒಂಟಿಯಾಗಿ ಬಿಡಕೂಡದು, ಸಭೆಗೂ ಕರೆದುಕೊಂಡು ಹೋಗು ಎಂದು ಅಪ್ಪಣೆ ಮಾಡಿ ಹೋಗಿದ್ದಳು.

ಸಿರಿಲ್ ಎದೆ ಹಿಡಿದುಕೊಂಡು ನಿಂತಿದ್ದಾಗಲೇ ಪಕ್ಕದ ಮನೆಯ ವಿಲ್ಫ್ ಹೆಸ್ಕೆತ್ ಏಣಿ ಕೇಳಲು ಬಂದ. ವಿಲ್ಫನಿಗೆ ಗೊತ್ತಿಲ್ಲದ ವಿದ್ಯೆ ಇಲ್ಲ. ಸಕ್ಕರೆ ಅಂಟು ಒಣಗಿದರೆ ಕೆಟ್ಟಿತು, ಹಸಿಯಾಗಿದ್ದಾಗಲೇ ತೆಗೆಯಬೇಕು ಎಂದವನೇ, ಸಿರಿಲ್ ಬೇಡ ಎನ್ನುವಷ್ಟರಲ್ಲಿ ಪಾತ್ರೆ ಒರೆಸುವ ಒದ್ದೆ ಬಟ್ಟೆಯಿಂದ ಮೂಲೆಯನ್ನು ತಿಕ್ಕಿಬಿಟ್ಟ. ಮಾರ್ಮಲೇಡು ಹೋಯಿತು. ಜೊತೆಗೆ ಎರಡು ಎಸಳು ಹುಲ್ಲೂ ಒಂದು ಕಲ್ಲೂ ಹೋದವು. ಒಂದಿಷ್ಟು ಬಿಳಿ ಬಣ್ಣ ಹಾಲಿನ ಕೆನೆಯಂತೆ ಬಟ್ಟೆಗೆ ಬಂತು.

ವಿಲ್ಫ್ ಎದೆಗುಂದುವವನಲ್ಲ. ಒಲೆಯೊಳಗೆ ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟರೆ ಉಳಿದದ್ದು ಗಟ್ಟಿಯಾಗುತ್ತದೆಂದು ಇಟ್ಟೂಬಿಟ್ಟ. ಸಿರಿಲ್ ಅದನ್ನು ಎಳೆದು ತೆಗೆಯುವ ಹೊತ್ತಿಗೆ ಚಂದ್ರನ ಒಂದು ಅಂಚು ಕಂದಿತ್ತು. ಇನ್ನು ಈ ಮನೆಯಲ್ಲಿದ್ದರೆ ಉಳಿಗಾಲವಿಲ್ಲವೆಂದು ಅವನು ರಟ್ಟನ್ನು ಆ ದಿನದ ದಿನಪತ್ರಿಕೆಯಲ್ಲಿ ಸುತ್ತಿ, ಹಳೆಯ ವಾರಪತ್ರಿಕೆಗಳ ಚೀಲವನ್ನು ಹೆಗಲಿಗೇರಿಸಿ, ಆಂಟಿಯ ಕೈ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದ. ಅಲ್ಲಿ ಮಳೆ ಶುರುವಾಯಿತು. ಟಿಕೆಟ್ಟಿಗೆ ಚಿಲ್ಲರೆ ಹುಡುಕಲು ಸಿರಿಲ್ ಕಟ್ಟನ್ನು ಆಂಟಿಯ ಕೈಗೆ ಕೊಟ್ಟ. ಅವಳು ಅದನ್ನು ನೆಮ್ಮದಿಯಾಗಿ ತಲೆಯ ಮೇಲೆ ಹಿಡಿದುಕೊಂಡಳು.

ಸಭೆ ಸೇರುವ ಚರ್ಚ್ ಹಾಲಿನ ಅಡುಗೆಮನೆಯಲ್ಲಿ ಕಟ್ಟು ಬಿಚ್ಚಿ ನೋಡಿದರೆ ಹುಲ್ಲು ಪೂರ್ತಿ ಮಾಯ. ಆ ಜಾಗದಲ್ಲಿ ಇರುವೆ ಸಾಲಿನಂತೆ ಸೊಟ್ಟಸೊಟ್ಟ ಕಪ್ಪು ಗೀರುಗಳು ಎದ್ದಿದ್ದವು. ಒದ್ದೆ ದಿನಪತ್ರಿಕೆಯ ಅಚ್ಚು ಅಂಟಿಕೊಂಡಿದೆ ಎಂದುಕೊಂಡು ಸಿರಿಲ್ ಉಗುರಿನಿಂದ ಕೆರೆದ. ಅದು ಅಲ್ಲಾಡಲಿಲ್ಲ. ಅವನು ತಲೆಯ ಮೇಲೆ ಕೈ ಹೊತ್ತು ಕುರ್ಚಿಯಲ್ಲಿ ಕುಸಿದ.

“ಏನಿತ್ತೋ ಅಲ್ಲಿ?” ಎಂದಳು ಆಂಟಿ.

“ಹುಲ್ಲು, ಆಂಟಿ. ಮೂರು ಎಸಳು ಎಡಕ್ಕೆ, ಒಂದು ಬಲಕ್ಕೆ, ಕೆಳಗೆ ಎರಡು ಕಲ್ಲು. ಹನ್ನೊಂದು ವರ್ಷ ನನ್ನ ಪ್ರಾಣ ಅದರಲ್ಲೇ ಇತ್ತು.”

“ಅಯ್ಯೋ ಮಾರಾಯ, ಇಷ್ಟಕ್ಕೆ ಅಳ್ತಾರಾ? ಒಂಚೂರು ಬಿಳಿ, ಒಂಚೂರು ಕಪ್ಪು ತಂದುಕೊಡು.”

ಇದು ಮೋಸ ಎಂದು ಸಿರಿಲ್‌ಗೆ ಗೊತ್ತಿತ್ತು. ಇದ್ದದ್ದನ್ನು ಇದ್ದಲ್ಲಿ ಇಡುವುದು ಮೋಸ ಹೇಗಾಗುತ್ತದೆ ಎಂದೂ ಅವನ ಮನಸ್ಸು ವಾದಿಸಿತು. ಗಡಿಯಾರ ಹನ್ನೊಂದಕ್ಕೆ ನಾಲ್ಕು ನಿಮಿಷ ಕಮ್ಮಿ ತೋರಿಸುತ್ತಿತ್ತು. ಅವನು ಮೆಲ್ಲಗೆ ಹಾಲಿಗೆ ಹೋಗಿ ಟ್ಯಾಪ್ಸ್ಕಾಟರ ಮೇಜಿನಿಂದ ಟೈಪಿನ ತಪ್ಪಿಗೆ ಬಳಿಯುವ ಬಿಳಿ ಬಣ್ಣದ ಸೀಸೆಯನ್ನೂ, ಆ ಪವಿತ್ರ ಮಸಿಯನ್ನೂ, ಒಂದು ಕುಂಚವನ್ನೂ ಎತ್ತಿಕೊಂಡು ಬಂದ.

“ಆ ಕೊಳೆ ಒಂಚೂರೂ ಕಾಣಬಾರದು ಆಂಟಿ, ದಪ್ಪಗೆ ಬಳೀರಿ.”

ಆಂಟಿ ಬಿಳಿ ಬಳಿದು, ಉಫ್ ಎಂದು ಊದಿ, ಕುಂಚವನ್ನು ಮಸಿಯಲ್ಲಿ ಅದ್ದಿದಳು. ಮೂರು ಎಡಕ್ಕೆ, ಒಂದು ಬಲಕ್ಕೆ. ಕೈ ತಡವರಿಸಲಿಲ್ಲ. ಎರಡನೆಯ ಕಲ್ಲು ಮುಗಿಯುತ್ತಿದ್ದಂತೆ ಬಾಗಿಲಲ್ಲಿ ಟ್ಯಾಪ್ಸ್ಕಾಟ್ ನಿಂತಿದ್ದರು.

ಅವರು ಕೂಗಾಡಲಿಲ್ಲ. ಎಲ್ಲರನ್ನೂ ಕರೆದು, ಆರ್ಮರಾಡ್ ಸಾಕ್ಷಿಯನ್ನು ಅಡುಗೆಮನೆಯಲ್ಲಿ ತಯಾರಿಸುತ್ತಿದ್ದಾರೆ, ಎಲ್ಲರೂ ನೋಡಬಹುದು ಎಂದರು. ಆಮೇಲೆ ಅಭ್ಯಾಸಬಲದಿಂದ ಭೂತಗನ್ನಡಿ ತೆಗೆದು ಬಗ್ಗಿದರು. ಸಿರಿಲ್ ತಂದಿದ್ದ ಹಳೆಯ ಪತ್ರಿಕೆಗಳನ್ನು ಪಕ್ಕದಲ್ಲಿ ಹರಡಿಸಿ ಹಡಗಿನ ಹುಲ್ಲು ನೋಡಿದರು, ಮರುಭೂಮಿಯ ಹುಲ್ಲು ನೋಡಿದರು, ಮತ್ತೆ ಹಸಿ ಹುಲ್ಲು ನೋಡಿದರು. ಅವರ ಮುಖ ಬಿಳುಪೇರಿತು. ಎಸಳಿನ ತುದಿಯ ಕೊಂಕು ಸಹ ಒಂದೇ ಆಗಿತ್ತು.

ಸಿರಿಲ್‌ನ ಮೈ ಜುಮ್ಮೆಂದಿತು. ಆಂಟಿಯ ಕಡೆ ತಿರುಗಿ, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದ.

“ಕಲಿಯೋದೇನು ಬಂತು? ವಯಸ್ಸಿನಲ್ಲಿ ಏಳು ವರ್ಷ ಆ ಪತ್ರಿಕೆ ಆಫೀಸಲ್ಲಿ ದಿನಾ ಬರೆದದ್ದೇ ಇದು. ಹಡಗಾದರೂ ಇದೇ, ಚಂದ್ರ ಆದರೂ ಇದೇ. ಇದಕ್ಕೆ ಕಣ್ಣು ಯಾಕೆ ಬೇಕು?”

ಹದಿಮೂರು ಜನ ಚಪ್ಪಾಳೆ ತಟ್ಟಿದರು. ಹುಲ್ಲುಗಾರ ಹೆಂಗಸು! ಅದೂ ಸಿರಿಲ್‌ನ ಮನೆಯಲ್ಲೇ ಟೋಸ್ಟು ತಿನ್ನುತ್ತಿದ್ದವಳು. ಕಿವಿಯವರು ಬಂದು ಆಂಟಿಯ ಕೈ ಕುಲುಕಿದರು, ಗೊರಸಿನವರು ಕಣ್ಣೊರೆಸಿಕೊಂಡರು. ಸಭೆ ಒಕ್ಕೊರಲಿನಿಂದ ಒಪ್ಪಿತು. ಟ್ಯಾಪ್ಸ್ಕಾಟ್ ಹಲ್ಲು ಕಚ್ಚಿಕೊಂಡು ದೊಡ್ಡ ಪುಸ್ತಕವನ್ನು ಮುಂದಿಟ್ಟರು. ಸಿರಿಲ್ ಬಾಳಿನಲ್ಲಿ ಮೊದಲನೆಯ ಸಲ, ಮಸಿಯಲ್ಲಿ ಬರೆದ: ಇನ್ನೂರ ಹದಿನಾಲ್ಕು ಚಿತ್ರಕತೆಗಳು, ಕಲಾವಿದೆ ನೋರಾ ಬಿಕರ್‌ಸ್ಟಾಫ್. ಅವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಮಸಿ ಒಣಗಿದ ಮೇಲೆ ಟ್ಯಾಪ್ಸ್ಕಾಟ್ ಒಂದು ಪ್ರಶ್ನೆ ಕೇಳಿದರು. ಇಷ್ಟೆಲ್ಲಾ ಕ್ಯಾಪ್ಟನ್ನರನ್ನು, ಹಡಗುಗಳನ್ನು ಬರೆದ ಕೈ, ಮೂಲೆಗೆ ಹುಲ್ಲನ್ನೇ ಯಾಕೆ ಬರೆಯುತ್ತಿತ್ತು?

“ಕ್ಯಾಪ್ಟನ್ನಾ? ನನಗೆ ಮೂಗು ಬರೆಯೋಕೂ ಬರಲ್ಲ,” ಎಂದಳು ಆಂಟಿ. “ಪುಟಗಳನ್ನ ಬೇರೆಬೇರೆಯವರು ಬರೆದು ತರ್ತಿದ್ದರು. ನಲವತ್ತೈವತ್ತು ಜನ ಇದ್ದರೋ ಏನೋ. ಪಾಪ, ಕದ್ದು ಮೂಲೆಯಲ್ಲಿ ಹೆಸರು ಹಾಕಿರೋರು. ಅದರ ಮೇಲೆ ಬಿಳಿ ಬಳಿಯೋದು ನನ್ನ ಕೆಲಸ. ಬರೀ ಬಿಳಿ ಇದ್ದರೆ ಬೋಳುಬೋಳು ಕಾಣುತ್ತಲ್ಲ, ಅದಕ್ಕೆ ಒಂಚೂರು ಹುಲ್ಲು.”

ಸಿರಿಲ್ ನಿಧಾನವಾಗಿ ರಟ್ಟಿನ ಕಡೆಗೆ ತಿರುಗಿದ. ಆ ಸೊಟ್ಟ ಗೀರುಗಳು ದಿನಪತ್ರಿಕೆಯವಲ್ಲ. ನಲವತ್ತು ವರ್ಷದ ಮೇಲೆ ಮೊದಲ ಸಲ ಹೊರಗೆ ಬಂದಿದ್ದ ಹೆಸರು ಅದು. ಅರ್ಧ ಗಂಟೆಯ ಹಿಂದೆ ಅವನ ಉಗುರಿನ ಕೆಳಗೇ ಇತ್ತು.

“ಆಂಟಿ, ಈಗ ಮುಚ್ಚಿದಿರಲ್ಲ, ಅದು ಯಾರ ಹೆಸರು?”

“ಕನ್ನಡಕ ಎಲ್ಲಿದೆಯೋ ನನ್ನ ಹತ್ತಿರ? ಇದ್ದಾಗಲೂ ಓದ್ತಿರಲಿಲ್ಲ. ಓದಿದರೆ ಮುಚ್ಚೋಕೆ ಮನಸ್ಸು ಬರ್ತಿರಲಿಲ್ಲ.”

ಯಾರೋ ಒದ್ದೆ ಬಟ್ಟೆ ತಂದರು. ತಿಕ್ಕಿದರು. ಬಿಸಿನೀರು ಹಾಕಿ ತಿಕ್ಕಿದರು. ಟೈಪಿನ ಬಿಳಿಯೂ ಬಳಗದ ಮಸಿಯೂ ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದವು, ಹುಲ್ಲಿನ ಒಂದು ಎಸಳೂ ಅಲುಗಲಿಲ್ಲ. ಟ್ಯಾಪ್ಸ್ಕಾಟ್ ಚಹಾದ ಡಬ್ಬಿಯನ್ನು ತಂದು ಸಿರಿಲ್‌ನ ಕೈಗಿತ್ತರು. ಆಮೇಲೆ ಪುಸ್ತಕದ ಮುಂದೆ ಕೂತು ಕೈ ಕೈ ಹಿಸುಕಿಕೊಂಡರು. ಬಳಗ ಹುಟ್ಟಿದಂದಿನಿಂದ ಈ ಪುಸ್ತಕದಲ್ಲಿ ಒಂದೇ ಒಂದು ಸುಳ್ಳು ಹೆಸರೂ ಮಸಿಯಲ್ಲಿ ಬಿದ್ದಿರಲಿಲ್ಲ, ಇನ್ನು ಇದನ್ನು ಅಳಿಸುವುದಕ್ಕೂ ಆಗುವುದಿಲ್ಲ ಎಂದು ಹಲುಬಿದರು.

ನೋರಾ ಆಂಟಿ ಅಷ್ಟರಲ್ಲಿ ಬಿಳಿ ಬಣ್ಣದ ಸೀಸೆಯ ಮುಚ್ಚಳ ತಿರುಗಿಸಿದ್ದಳು.

“ಅಷ್ಟೇ ತಾನೇ? ಇಲ್ಲಿ ಕೊಡಿ. ಸಿರಿಲ್, ನನ್ನ ಚಹಾಕ್ಕೆ ಎರಡು ಸಕ್ಕರೆ,” ಎಂದು ಹೇಳಿ, ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ತನ್ನ ಹೆಸರಿನ ಮೇಲೆ ಹುಲ್ಲು ಬರೆಯತೊಡಗಿದಳು.