ಹೊಳೆಕೋಟೆಯ ರಾತ್ರಿ ಸೊಬಗು ಹಾಗೂ ಹೊಳೆಯ ಗುಂಡಿ ಮುಚ್ಚುವ ಕುರಿತು

ಸಂಖ್ಯೆ: ರಾ.ಸೊ.ವಿ/ಹೊ.ಕೋ/ಮರಳು/ಇತರೆ
ಕಚೇರಿ: ರಾತ್ರಿ ಸೊಬಗು ವಿಭಾಗ, ಹೊಳೆಕೋಟೆ (ಕೊರಟಗೆರೆ–ಮಧುಗಿರಿ ರಸ್ತೆಯಿಂದ ಒಳಕ್ಕೆ)
ದಿನಾಂಕ: ಮೊಹರಿನಲ್ಲಿ ಇರುವಂತೆ. ಮೊಹರು ಅಳಿಸಿಹೋಗಿದ್ದಲ್ಲಿ ಇಂದಿನದೇ ಎಂದು ತಿಳಿಯತಕ್ಕದ್ದು.

ಸುತ್ತೋಲೆ

ವಿಷಯ: ರಾತ್ರಿಜೀವನ ಹಾಗೂ ಮೋಹಕತೆಯನ್ನು ಅರಸಿ ಐತಿಹಾಸಿಕ ನದೀತೀರದ ನಗರವಾದ ಹೊಳೆಕೋಟೆಗೆ ಬರುವ ಪ್ರವಾಸಿಗರಿಗೆ ಸದರಿ ಎರಡನ್ನೂ ಒದಗಿಸುವ ಬಗ್ಗೆ, ಮತ್ತು ಹೊಳೆಯಲ್ಲಿರುವ ಗುಂಡಿಯನ್ನು ಮುಚ್ಚುವ ಬಗ್ಗೆ.

ಉಲ್ಲೇಖ:
(ಅ) ಇಲಾಖೆಯ ಜಾಲತಾಣದಲ್ಲಿ ಪ್ರಕಟವಾಗಿರುವ ವಿವರಣೆ.
(ಆ) ಮೇಲಧಿಕಾರಿಗಳು ದೂರವಾಣಿಯಲ್ಲಿ ನೀಡಿದ ಮೌಖಿಕ ಆದೇಶ (ಸಿಗ್ನಲ್ ಸಿಕ್ಕಷ್ಟು).
(ಇ) ತೋಪಿನ ಬೀದಿಯ ವಾಸಿ ಲಕ್ಕಮ್ಮ ಅವರು ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಸಲ್ಲಿಸಿದ ತಕರಾರು.

ಪೀಠಿಕೆ

ಊರು ಮಲಗಿದ ಮೇಲೆ, ರಾತ್ರಿಜೀವನದ ಸಮೀಕ್ಷೆಗಾಗಿ ಕೆಳಸಹಿದಾರರು ಹೊಳೆಯ ದಂಡೆಯಲ್ಲಿ ನಿಂತಿದ್ದಾಗ, ಮರಳಿನ ಮಧ್ಯದಿಂದ "ಗುಳುಕ್" ಎಂಬ ಸಣ್ಣ ಸಪ್ಪಳ ಕೇಳಿಬಂದಿರುತ್ತದೆ. ಸಮೀಕ್ಷೆಯಲ್ಲಿ ಅದುವರೆಗೆ ಯಾವ ಜೀವನವೂ ಕಂಡುಬಾರದ ಕಾರಣ ಸದರಿ ಸಪ್ಪಳವನ್ನು ತಕ್ಷಣ ದಾಖಲಿಸಿಕೊಳ್ಳಲಾಯಿತು. ಟಾರ್ಚ್ ಬಿಟ್ಟು ನೋಡಲಾಗಿ, ತೋಪಿನ ಬೀದಿಯ ಹೆಂಗಸರು ಮರಳಿನಲ್ಲಿ ತೋಡಿಕೊಂಡಿರುವ ಒಂದು ಗುಂಡಿಯಲ್ಲಿ ಕೊಡ ಮುಳುಗಿಸುತ್ತಿರುವುದು ತಿಳಿದುಬಂತು. ವರದಿಯನ್ನು ಮೇಲಕ್ಕೆ ಕಳುಹಿಸಲಾಯಿತು. ಮೇಲಧಿಕಾರಿಗಳು ವರದಿಯಲ್ಲಿದ್ದ ಪದಗಳ ಪೈಕಿ "ಗುಂಡಿ" ಎಂಬುದನ್ನು ಮಾತ್ರ ಓದಿ, "ಪ್ರವಾಸಿಗರು ಬಿದ್ದರೆ ಯಾರು ಹೊಣೆ? ಮೊದಲು ಮುಚ್ಚಿಸಿ" ಎಂದು ಆದೇಶಿಸಿರುತ್ತಾರೆ.

ಉಲ್ಲೇಖ (ಅ)ರಲ್ಲಿ ಹೊಳೆಕೋಟೆಯನ್ನು "ರಾತ್ರಿಜೀವನಕ್ಕೂ ಮೋಹಕತೆಗೂ ಹೆಸರಾದ ಐತಿಹಾಸಿಕ ನದೀತೀರದ ನಗರ" ಎಂದು ಬಣ್ಣಿಸಲಾಗಿದೆ. ಈ ವಿವರಣೆ ಬೇರೊಂದು ದೇಶದ ಬೇರೊಂದು ಊರಿಗಾಗಿ ಬರೆದದ್ದೆಂದೂ ಸಾಲು ತಪ್ಪಿ ನಮ್ಮ ಊರಿನ ಎದುರು ಬಿದ್ದಿದೆಯೆಂದೂ ಕೆಲವರು ಗಮನಕ್ಕೆ ತಂದಿರುತ್ತಾರೆ. ಆದರೆ ಒಮ್ಮೆ ಪ್ರಕಟವಾದ ವಿವರಣೆಯನ್ನು ತಿದ್ದುವ ಅಧಿಕಾರ ಯಾರಿಗೆ ಇದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆದ್ದರಿಂದ ವಿವರಣೆಯ ಬದಲಿಗೆ ಊರನ್ನು ತಿದ್ದಲು ನಿರ್ಧರಿಸಲಾಗಿದ್ದು, ಎಲ್ಲ ಸಿಬ್ಬಂದಿ ಹಾಗೂ ಸಾರ್ವಜನಿಕರಿಗೆ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ನದಿ. ಜಯಮಂಗಲಿಯಲ್ಲಿ ನೀರಿಲ್ಲ ಎಂದು ಯಾರೂ ಹೇಳತಕ್ಕದ್ದಲ್ಲ. ಪ್ರವಾಸಿಗರು ಕೇಳಿದಲ್ಲಿ, "ನದಿಯು ಸದ್ಯ ಮರಳಿನ ಅಡಿಯಲ್ಲಿ ಹರಿಯುತ್ತಿದೆ" ಎಂದು ಹೇಳತಕ್ಕದ್ದು. ಹೇಳುವಾಗ ಕೆಳಗೆ ನೋಡಬಹುದು. ನಗಬಾರದು.

೨. ಇತಿಹಾಸ. ಊರಿನಲ್ಲಿ ಯಾವುದೇ ಗೋಡೆಯ ಕಾಲ ಗೊತ್ತಿಲ್ಲದಿದ್ದಲ್ಲಿ ಅದು ಪಾಳೇಗಾರರ ಕಾಲದ್ದಾಗಿರತಕ್ಕದ್ದು. ಬಸ್ ನಿಲ್ದಾಣದ ಪಕ್ಕದ ಸೈಕಲ್ ಶಾಪಿನ ಮಾಲೀಕರಾದ ಹುಸೇನ್ ಸಾಬ್ ಅವರನ್ನು ಅಂಗಡಿ ಯಾವ ಕಾಲದ್ದೆಂದು ವಿಚಾರಿಸಲಾಗಿ, "ನಮ್ಮ ಅಬ್ಬಾನ ಅಬ್ಬಾ ಕಾಲದ್ದು ಮೇಡಂ" ಎಂದು ಉತ್ತರಿಸಿರುವುದರಿಂದ ಸದರಿ ಅಂಗಡಿಯನ್ನು ಸ್ಮಾರಕವೆಂದು ಪರಿಗಣಿಸಲಾಗಿದೆ. ಸ್ಮಾರಕದೊಳಗೆ ದುರಸ್ತಿ ಕೆಲಸ ನಿಷಿದ್ಧವಾದ್ದರಿಂದ ಅವರು ಇನ್ನು ಮುಂದೆ ಪಂಚರನ್ನು ರಸ್ತೆಯಲ್ಲಿ ಹಾಕತಕ್ಕದ್ದು. ಅವರು ಈ ಬಗ್ಗೆ, "ಅಂಗಡಿ ಒಳಗೆ ನಾನೇನು ಮಾಡ್ಲಿ ಮತ್ತೆ, ಕೂತ್ಕೊಂಡು ಹಳೇದಾಗ್ಲಾ?" ಎಂದು ಕೇಳಿರುತ್ತಾರೆ. ಆಗಬಹುದು ಎಂದು ತಿಳಿಸಲಾಗಿದೆ.

೩. ರಾತ್ರಿಜೀವನ. ಇದರ ವ್ಯಾಪ್ತಿಗೆ ಏನೇನು ಬರುತ್ತದೆ ಎಂಬ ಬಗ್ಗೆ ಗೊಂದಲವಿರುವುದರಿಂದ ಸ್ಪಷ್ಟಪಡಿಸಲಾಗಿದೆ. ಬೀದಿನಾಯಿ ಬೊಗಳುವುದು ಬರುತ್ತದೆ, ಕಚ್ಚುವುದು ಬರುವುದಿಲ್ಲ. ಶನಿವಾರದ ಭಜನೆ ಬರುತ್ತದೆ. ವೈನ್ ಶಾಪಿನಿಂದ ಮನೆಗೆ ಹೊರಟವರು ಈಗಾಗಲೇ ಬೇರೆ ಇಲಾಖೆಯ ಅಂಕಿಅಂಶದಲ್ಲಿ ಸೇರಿರುವುದರಿಂದ ಬರುವುದಿಲ್ಲ. ಅಪರಾತ್ರಿ ತ್ರೀ ಫೇಸ್ ಕರೆಂಟ್ ಕೊಟ್ಟಾಗ ಮೋಟರ್ ಹಾಕಲು ಟಾರ್ಚ್ ಹಿಡಿದು ತೋಟಕ್ಕೆ ಹೋಗುವ ರೈತರನ್ನು "ದೀಪ ಮೆರವಣಿಗೆ" ಎಂದು ವರ್ಗೀಕರಿಸಲಾಗಿದೆ. ಅವರು ಸಾಲಾಗಿ, ನಗುನಗುತ್ತಾ ಹೋಗತಕ್ಕದ್ದು. ರೈತ ಕಾಡಸಿದ್ದಪ್ಪ ಅವರು ಈ ಷರತ್ತಿಗೆ ಆಕ್ಷೇಪಿಸಿ, "ಅವರು ಕರೆಂಟ್ ಕೊಡೋ ಹೊತ್ನಾಗೆ ಅಳಾಕೇ ಆಗಾಕಿಲ್ಲ, ಇನ್ನ ನಗಾದು ಹೆಂಗವ್ವ?" ಎಂದಿರುತ್ತಾರೆ. ಆಕ್ಷೇಪಣೆಯನ್ನು ಪರಿಶೀಲಿಸಿ, ಟಾರ್ಚಿನ ಬೆಳಕು ಮುಖಕ್ಕೆ ಬೀಳದಂತೆ ಹಿಡಿದಲ್ಲಿ ನಗುವುದರಿಂದ ವಿನಾಯಿತಿ ನೀಡಲಾಗಿದೆ.

೪. ಪ್ರವಾಸಿಗರ ಸಂಚಾರ. ಹೊಳವನಹಳ್ಳಿ ಕಡೆಯ ಕೊನೆಯ ಬಸ್ಸು ಸಂಜೆಯೇ ಹೊರಟುಹೋಗುವುದರಿಂದ, ರಾತ್ರಿಜೀವನ ನೋಡಲು ಬಂದವರು ರಾತ್ರಿಯಾಗುವ ಮೊದಲೇ ಅದನ್ನು ನೋಡಿ ಮುಗಿಸತಕ್ಕದ್ದು. ಒಂಟಿಯಾಗಿ ಬರುವ ಮಹಿಳಾ ಪ್ರವಾಸಿಗರಿಗೆ ಪ್ರತ್ಯೇಕ ಭದ್ರತಾ ಸಿಬ್ಬಂದಿಯನ್ನು ನೇಮಿಸುವ ಅಗತ್ಯ ಕಂಡುಬಂದಿಲ್ಲ. ಎಲ್ಲಿಗೆ, ಯಾರ ಜೊತೆ, ಯಾಕೆ, ಮನೆಯಲ್ಲಿ ಹೇಳಿ ಬಂದಿದ್ದೀಯಾ ಎಂದು ವಿಚಾರಿಸುವ ಕೆಲಸವನ್ನು ಊರಿನವರು ಈಗಾಗಲೇ ಸ್ವಯಂಪ್ರೇರಿತರಾಗಿ ನಿರ್ವಹಿಸುತ್ತಿದ್ದಾರೆ. ಈ ಸೇವೆಯನ್ನು ಕೆಳಸಹಿದಾರರು ಊರಿಗೆ ಬಂದ ದಿನದಿಂದ ಪಡೆಯುತ್ತಿದ್ದು, ಅದರಲ್ಲಿ ಒಂದು ದಿನವೂ ಲೋಪವಾಗಿರುವುದಿಲ್ಲ.

೫. ದೋಣಿ ವಿಹಾರ. ಬೇರೆ ಜಿಲ್ಲೆಯಿಂದ ತರಿಸಿದ ದೋಣಿಯನ್ನು ಮರಳಿನ ಮೇಲೆ ಇರಿಸಲಾಗಿದೆ. ಹತ್ತುವವರು ಲೈಫ್ ಜಾಕೆಟ್ ಧರಿಸುವುದು ಕಡ್ಡಾಯ. ಕಚೇರಿಯ ಜವಾನ ಅಶ್ವತ್ಥ ಅವರು ಅಲೆಗಳ ಹೆಚ್ಚುವರಿ ಹೊಣೆ ಹೊತ್ತು, ದೋಣಿಯನ್ನು ಹಿಂದಿನಿಂದ ಅಲ್ಲಾಡಿಸತಕ್ಕದ್ದು. "ಅಲ್ಲಾಡ್ಸಿ ಅಲ್ಲಾಡ್ಸಿ ನಂಗೇ ವಾಂತಿ ಬರಂಗಾಗೈತೆ ಮೇಡಂ" ಎಂದು ಅವರು ತಿಳಿಸಿದ್ದು, ಇದನ್ನು ಅಲೆಗಳು ನೈಜವಾಗಿವೆ ಎಂಬುದಕ್ಕೆ ಪುರಾವೆಯಾಗಿ ಕಡತದಲ್ಲಿ ಇರಿಸಲಾಗಿದೆ.

೬. ದೀಪಾಲಂಕಾರ. ದಂಡೆಯುದ್ದಕ್ಕೂ ಸೋಲಾರ್ ದೀಪಗಳನ್ನು ಅಳವಡಿಸಲಾಗಿದೆ. ಪಾವಗಡದ ಕಡೆಯವರು ಬಿಸಿಲಿನಿಂದ ಇಷ್ಟೆಲ್ಲ ಕರೆಂಟ್ ತೆಗೆಯುತ್ತಿರುವಾಗ ನಾವೇಕೆ ಹಿಂದುಳಿಯಬೇಕು ಎಂಬುದು ಆಶಯ. ದೀಪಗಳು ಬಿಸಿಲಿನಲ್ಲಿ ಬಹಳ ಚೆನ್ನಾಗಿ ಉರಿಯುತ್ತಿವೆ.

೭. ಮೋಹಕತೆ. ಈ ಪದಕ್ಕೆ ಸ್ಪಷ್ಟೀಕರಣ ಕೋರಲಾಗಿ, "ಅದೇ, ಚೆನ್ನಾಗಿ ಕಾಣಬೇಕು" ಎಂಬ ಉತ್ತರ ಬಂದಿರುತ್ತದೆ. ಅದರಂತೆ, ನೈಟಿಯ ಮೇಲೆ ಟವೆಲ್ ಹೊದ್ದು ಹೊಳೆಗೆ ಬರುವುದು ಮೋಹಕವಲ್ಲವೆಂದು ತೀರ್ಮಾನಿಸಲಾಗಿದೆ. ತೋಪಿನ ಬೀದಿಯಲ್ಲಿ ಈಗಾಗಲೇ ತಿಳಿಸಿರುವಂತೆ, ಹೆಂಗಸರು ಸೀರೆಯುಟ್ಟು, ಸೊಂಟದ ಮೇಲೆ ಕೊಡ ಇಟ್ಟುಕೊಂಡು ದಂಡೆಯಲ್ಲಿ ಓಡಾಡತಕ್ಕದ್ದು. ಕೊಡ ಪ್ಲಾಸ್ಟಿಕ್ಕಿನದಾಗಿರಬಾರದು. ಕೊಡದಲ್ಲಿ ನೀರು ಇರಬೇಕೆಂಬ ಕಡ್ಡಾಯವಿಲ್ಲ.

೮. ಗುಂಡಿ. ಪೀಠಿಕೆಯಲ್ಲಿ ಹೇಳಲಾದ ಗುಂಡಿಯನ್ನು ಜಲ್ಲಿ ತುಂಬಿ ಮುಚ್ಚಿ, ಮೇಲೆ ಟೈಲ್ಸ್ ಹಾಸಿ, "ಐ ಲವ್ ಹೊಳೆಕೋಟೆ" ಎಂಬ ಆಳೆತ್ತರದ ಅಕ್ಷರಗಳನ್ನು ನಿಲ್ಲಿಸಲು ಆದೇಶವಾಗಿರುತ್ತದೆ. ಗುತ್ತಿಗೆಯನ್ನು ನವೀನ್ ಕುಮಾರ್ ಅವರಿಗೆ ವಹಿಸಲಾಗಿದೆ. ಇದಕ್ಕೆ ಲಕ್ಕಮ್ಮ ಅವರು ಸಲ್ಲಿಸಿದ ತಕರಾರನ್ನು, ಅವರು ಎಷ್ಟೇ ಹೇಳಿದರೂ ಬರವಣಿಗೆಯಲ್ಲಿ ಕೊಡದ ಕಾರಣ, ಕೇಳಿದಂತೆಯೇ ಇಲ್ಲಿ ನಮೂದಿಸಲಾಗಿದೆ:

"ಗುಂಡಿ ಅನ್ಬ್ಯಾಡ ಕಣವ್ವ, ಅದು ತಲಪರಿಗೆ. ಮಳ್ಳು ತೋಡಿದ್ರೆ ತಾನಾಗೇ ನೀರು ಒಸರ್ತೈತೆ. ನಮ್ ಬೀದೀಗೆ ಕುಡಿಯಾಕೆ ಇರಾದು ಇದೊಂದೇಯ. ಬೋರ್ ನೀರು ಕುಡುದು ನನ್ ಹಲ್ಲು ನೋಡು ಹೆಂಗಾಗವೆ. ಫಿಲ್ಟರ್ ನೀರಿನ ರೂಮಿಗೆ ಬೀಗ ಹಾಕಿ ಯಾವ ಕಾಲ ಆತು. ನೀನು ಇದನ್ನೂ ಮುಚ್ಚುಸ್ಬುಟ್ರೆ ನಾವು ನಿನ್ ಟೈಲ್ಸ್ ನೆಕ್ಕಾನಾ?"

ತಕರಾರುದಾರರು ಕಚೇರಿಯ ಫಿಲ್ಟರ್ ನೀರನ್ನು ನೀಡಿದಾಗ ನಿರಾಕರಿಸಿರುತ್ತಾರೆ. ಟೈಲ್ಸ್ ನೆಕ್ಕುವ ಬಗ್ಗೆ ನಿಯಮಗಳಲ್ಲಿ ಯಾವುದೇ ಉಲ್ಲೇಖ ಇರುವುದಿಲ್ಲ. ಮೇಲಧಿಕಾರಿಗಳು ಖುದ್ದಾಗಿ ಪರಿಶೀಲನೆಗೆ ಬರುವುದರೊಳಗೆ ಗುಂಡಿ ಮುಚ್ಚದಿದ್ದಲ್ಲಿ ಕೆಳಸಹಿದಾರರನ್ನು ಇಲ್ಲಿಂದ ಎತ್ತಂಗಡಿ ಮಾಡಲಾಗುವುದು ಎಂದೂ, ಬರುವ ಹೊಸಬರು ಮೊದಲು ಗುಂಡಿಯನ್ನೇ ಮುಚ್ಚುವರು ಎಂದೂ ದೂರವಾಣಿಯಲ್ಲಿ ತಿಳಿಸಲಾಗಿದೆ. ಈ ವಾಕ್ಯದ ವೇಳೆ ಮಾತ್ರ ಸಿಗ್ನಲ್ ಚೆನ್ನಾಗಿತ್ತು.

ವಿ.ಸೂ: ಕಂಡಿಕೆ ೯ರಿಂದ ಮುಂದಿನ ಭಾಗವು ಕಚೇರಿ ಪ್ರತಿಯಲ್ಲಿ ಮಾತ್ರ ಇರತಕ್ಕದ್ದು. ಹೊರಗೆ ಹೋಗುವ ಪ್ರತಿಗಳಲ್ಲಿ ಈ ಜಾಗಕ್ಕೆ ತುಂಬಿ ಹರಿಯುವ ನದಿಯೊಂದರ ಚಿತ್ರವನ್ನು ಹಾಕತಕ್ಕದ್ದು.

೯. ಸ್ಥಳ ಪರಿಶೀಲನೆ. ಗುಂಡಿ ಮುಚ್ಚುವ ಮುನ್ನಾ ದಿನ ಕೆಳಸಹಿದಾರರು ಸ್ಥಳಕ್ಕೆ ಹೋದಾಗ, ತೋಪಿನ ಬೀದಿಯವರು ಮನೆಗೊಬ್ಬರಂತೆ ಬಂದು ತಲಪರಿಗೆಯ ಹೂಳು ಎತ್ತುತ್ತಿದ್ದರು. ಬೇಸಿಗೆಗೆ ಮೊದಲು ಇದು ಅವರ ರೂಢಿ. ಹೂಳೆತ್ತಿದ ಮೇಲೆ ಬರುವ ಮೊದಲ ನೀರನ್ನು ಬೀದಿಯವರು ಮುಟ್ಟುವುದಿಲ್ಲ. ಹೊರಗಿನವರೊಬ್ಬರು ಕುಡಿದು "ಚೆನ್ನಾಗೈತೆ" ಎಂದ ಮೇಲೆಯೇ ಕೊಡ ಇಳಿಸುತ್ತಾರೆ. ಅಂದು ಅಲ್ಲಿದ್ದ ಹೊರಗಿನವರು ಕೆಳಸಹಿದಾರರು ಒಬ್ಬರೇ.

ಲೋಟವನ್ನು ಕೈಗೆ ಕೊಡಲಾಯಿತು. ಇದನ್ನು ಸ್ವೀಕರಿಸುವುದು ಆಮಿಷದ ವ್ಯಾಪ್ತಿಗೆ ಬರುತ್ತದೆಯೇ ಎಂದು ಯೋಚಿಸಲಾಯಿತು. ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದುದರಿಂದ ಹೆಚ್ಚು ಯೋಚಿಸಲು ಅವಕಾಶವಾಗಲಿಲ್ಲ. ಕುಡಿಯಲಾಯಿತು. ಕುಡಿದ ನೀರಿನ ಬಗ್ಗೆ ಅಭಿಪ್ರಾಯ ನೀಡಲು ನಮೂನೆ ಲಭ್ಯವಿಲ್ಲದ ಕಾರಣ, ಎರಡನೆಯ ಲೋಟವನ್ನೂ ಕುಡಿಯಲಾಗಿದೆ ಎಂದಷ್ಟೇ ದಾಖಲಿಸಲಾಗಿದೆ. ಕಂಡಿಕೆ ೧ರಲ್ಲಿ ಹೇಳಿಕೊಡಲಾದ ಉತ್ತರ ನಿಜವೆಂದು ಇದರಿಂದ ಸಾಬೀತಾಗಿದ್ದು, ಇಲಾಖೆಯ ಹೇಳಿಕೆಗೆ ಹೀಗಾಗಿರುವುದು ಇದೇ ಮೊದಲು.

ಆಗ ಲಕ್ಕಮ್ಮ ಅವರು ಲೋಟ ವಾಪಸ್ ಇಸಿದುಕೊಂಡು, "ಆತಲ್ಲ, ಈಗ ನೀನೂ ನಮ್ ತಲಪರಿಗೆಗೆ ನೆಂಟಳಾದೆ. ಇನ್ನ ಮುಚ್ಚುಸವ್ವ ನೋಡಾನ" ಎಂದಿರುತ್ತಾರೆ. ಸೇರಿದ್ದವರು ನಕ್ಕಿರುತ್ತಾರೆ. ಕೆಳಸಹಿದಾರರು ನಕ್ಕಿರುವುದಿಲ್ಲ.

೧೦. ಕಾಮಗಾರಿ. ಮರುದಿನ ಜಲ್ಲಿ ತುಂಬಿದ ಟ್ರ್ಯಾಕ್ಟರ್ ಹೊಳೆಗಿಳಿಯಿತು. ಮರಳು ಕದಿಯುವವರು ಬಗೆದು ಬಿಟ್ಟುಹೋದ ಗುಂಡಿಗಳು ಹೊಳೆಯ ತುಂಬ ಇರುವುದರಿಂದ ಗುತ್ತಿಗೆದಾರರು, "ಮೇಡಂ, ಇದ್ರಾಗೆ ನಿಮ್ ಗುಂಡಿ ಯಾವ್ದು?" ಎಂದು ಕೇಳಿರುತ್ತಾರೆ. ಕೆಳಸಹಿದಾರರು ಬಹಳ ಹೊತ್ತು ಆ ಕಡೆ ಈ ಕಡೆ ನೋಡಿ, ಒಂದು ಗುಂಡಿಯ ಕಡೆಗೆ ಕೈ ತೋರಿಸಿರುತ್ತಾರೆ. ಅದು ಪೂರ್ತಿ ಒಣಗಿದ್ದು, ಅದರಲ್ಲಿ ಒಂದು ಹರಿದ ಚಪ್ಪಲಿ ಇತ್ತು. "ಮೊನ್ನೆ ಬೇರೆ ಕಡೆ ಅಂದಂಗಿತ್ತಲ್ಲ?" ಎಂದು ಗುತ್ತಿಗೆದಾರರು ಕೇಳಿದ್ದಕ್ಕೆ, "ಇದೇ. ತುಂಬಿ" ಎಂದು ಹೇಳಲಾಗಿದೆ. ಕೆಳಸಹಿದಾರರ ಸೇವಾವಧಿಯಲ್ಲಿ ಇಷ್ಟು ಚಿಕ್ಕ ಆದೇಶವನ್ನು ಇದುವರೆಗೆ ನೀಡಿರುವುದಿಲ್ಲ. ತುಂಬಿ, ಟೈಲ್ಸ್ ಹಾಸಿ, ಅಕ್ಷರಗಳನ್ನು ನಿಲ್ಲಿಸಲಾಗಿದೆ.

೧೧. ಮೇಲಧಿಕಾರಿಗಳ ಭೇಟಿ. ಮೇಲಧಿಕಾರಿಗಳು ಸಿರಾದಲ್ಲಿ ಬೇರೊಂದು ಸಭೆ ಮುಗಿಸಿಕೊಂಡು ಕತ್ತಲಾದ ಮೇಲೆ ಆಗಮಿಸಿ, ಟೈಲ್ಸ್ ಮೇಲೆ ಕಾಲು ಬಡಿದು, "ಗುಂಡಿ ಇದೇನಾ?" ಎಂದು ಕೇಳಿರುತ್ತಾರೆ. "ಮುಚ್ಚಲಾಗಿದೆ ಸರ್" ಎಂದು ಉತ್ತರಿಸಲಾಗಿದೆ. ಯಾವುದು ಎಂದು ಅವರು ಕೇಳಲಿಲ್ಲ. ಇದೇ ಹೊತ್ತಿಗೆ ಲಕ್ಕಮ್ಮ ಮತ್ತು ಬೀದಿಯ ಇನ್ನೂ ಕೆಲವರು ಕೊಡ ಹೊತ್ತು, ಹೊಳೆಯ ನಡುವಿನಿಂದ, ಯಾರೂ ಬರಬಾರದಾಗಿದ್ದ ದಿಕ್ಕಿನಿಂದ, ಬರುತ್ತಿರುವುದು ಕಂಡುಬಂತು. ಕೆಳಸಹಿದಾರರ ಕೈಯಲ್ಲಿದ್ದ ಕಡತ ಕೆಳಗೆ ಬಿದ್ದಿರುತ್ತದೆ.

"ಏನಮ್ಮಾ, ಇಷ್ಟೊತ್ತಲ್ಲಿ ಕೊಡ ಹಿಡ್ಕೊಂಡು ಎಲ್ಲಿಂದ?" ಎಂದು ಮೇಲಧಿಕಾರಿಗಳು ಪ್ರಶ್ನಿಸಿರುತ್ತಾರೆ.

"ಮೋಹಕತೆ ಸಾಮಿ" ಎಂದು ಲಕ್ಕಮ್ಮ ಅವರು ಉತ್ತರಿಸಿರುತ್ತಾರೆ. "ಸೀರೆ ಉಟ್ಕಂಡು ಕೊಡ ಹಿಡ್ಕಂಡು ದಂಡೇಲಿ ಓಡಾಡ್ರಿ ಅಂತ ನಿಮ್ ಇಲಾಖೆಯೋರೇ ಯೋಳವ್ರೆ. ನಮ್ಗೇನು ಬ್ಯಾರೆ ಕೆಲ್ಸ ಇಲ್ವಾ? ಆದ್ರೂ ಓಡಾಡ್ತಾ ಇದೀವಿ."

ಕೊಡದಿಂದ ನೀರು ತುಳುಕಿ ಟೈಲ್ಸ್ ಮೇಲೆ ಬಿದ್ದಿರುತ್ತದೆ. ಮೇಲಧಿಕಾರಿಗಳು ಅದನ್ನು ಗಮನಿಸಿ, ಇಷ್ಟೊಂದು ವಾಸ್ತವಿಕತೆ ಬೇಕಿರಲಿಲ್ಲ ಎಂದೂ, ಆದರೂ ಒಟ್ಟಾರೆ ಮೋಹಕತೆ ತೃಪ್ತಿಕರವಾಗಿದೆ ಎಂದೂ ಷರಾ ಬರೆದು, ಲಕ್ಕಮ್ಮ ಅವರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ನಿರ್ಗಮಿಸಿರುತ್ತಾರೆ. ಕೆಳಸಹಿದಾರರ ಎತ್ತಂಗಡಿಯ ಪ್ರಸ್ತಾವವನ್ನು ಕೈಬಿಡಲಾಗಿದೆ.

೧೨. ತೀರ್ಮಾನ. ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಮುಚ್ಚಿರುವ ಗುಂಡಿ ಯಾವುದು ಹಾಗೂ ಮುಚ್ಚದಿರುವುದು ಯಾವುದು ಎಂಬ ಸಂಗತಿಯನ್ನು ಯಾವುದೇ ವರದಿ, ಸಭೆ, ದೂರವಾಣಿ ಕರೆ ಅಥವಾ ಚಹಾ ವಿರಾಮದಲ್ಲಿ ಯಾರಿಗೂ ತಿಳಿಸದಿರಲು ತೀರ್ಮಾನಿಸಲಾಗಿದೆ. ಈ ತೀರ್ಮಾನವು ಕೂಡಲೇ ಜಾರಿಗೆ ಬರತಕ್ಕದ್ದು. ಕೆಳಸಹಿದಾರರು ನಿವೃತ್ತರಾದ ನಂತರವೂ ಜಾರಿಯಲ್ಲಿರತಕ್ಕದ್ದು.

ಸಹಿ/-
(ತೇಜಸ್ವಿನಿ)
ಪ್ರಭಾರ ಅಧಿಕಾರಿ, ರಾತ್ರಿ ಸೊಬಗು ವಿಭಾಗ
ಹೊಳೆಕೋಟೆ

ಪ್ರತಿಗಳು:
೧. ಮೇಲಧಿಕಾರಿಗಳು – ನದಿಯ ಚಿತ್ರವಿರುವ ಪ್ರತಿ, ಮಾಹಿತಿಗಾಗಿ.
೨. ಜಾಲತಾಣದ ನಿರ್ವಾಹಕರು – ಏನನ್ನೂ ತಿದ್ದದಿರುವ ಕೋರಿಕೆಯೊಂದಿಗೆ.
೩. ಗುತ್ತಿಗೆದಾರರಾದ ನವೀನ್ ಕುಮಾರ್ – ಇನ್ನೊಮ್ಮೆ ಪ್ರಶ್ನೆ ಕೇಳದಿರಲು.
೪. ಹುಸೇನ್ ಸಾಬ್, ಸ್ಮಾರಕ – ಗೋಡೆಗೆ ಅಂಟಿಸಲು. ಅಂಟು ಒಳಗೆ ಹಚ್ಚಬಾರದು.
೫. ಅಶ್ವತ್ಥ, ಅಲೆಗಳು – ಸೂಕ್ತ ಕ್ರಮಕ್ಕಾಗಿ.
೬. ಲಕ್ಕಮ್ಮ, ತೋಪಿನ ಬೀದಿ – ಕಚೇರಿ ಪ್ರತಿಯನ್ನು ಅವರ ಜಗಲಿಯಲ್ಲಿ ಕುಳಿತು, ತಗ್ಗಿದ ದನಿಯಲ್ಲಿ ಓದಿ ಹೇಳಲಾಗಿದೆ. "ನಾನ್ಯಾಕೆ ಯಾರ್ಗಾರ ಯೋಳ್ಲಿ, ಬುಡವ್ವ" ಎಂದಿರುತ್ತಾರೆ.