ಬಾಲವಿಲ್ಲದ ಕಂಪ್ಯೂಟರುಗಳು

ನನಗೊಂದು ಕಾಯಿಲೆಯಿದೆ. ಯಾವ ವಸ್ತುವನ್ನು ಕಳೆದುಹೋಗಬಾರದೆಂದು ಜೋಪಾನವಾಗಿ ಎತ್ತಿಡುತ್ತೇನೋ, ಅದು ಮತ್ತೆ ನನ್ನ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ವಸ್ತುವಿಗೂ ಒಂದು ಜಾಗ ಇರಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ನಾನು ಜಾಗವನ್ನೇನೋ ಕೊಡುತ್ತೇನೆ; ಯಾವ ಜಾಗ ಕೊಟ್ಟೆ ಎಂಬುದನ್ನು ನೆನಪಿಡಲು ಅವರು ಕಲಿಸಲಿಲ್ಲ. ಮಗಳ ನಾಮಕರಣಕ್ಕೆ ಬಂದ ಬೆಳ್ಳಿ ಲೋಟ ಸಿಕ್ಕಿದ್ದು ಅವಳ ಮದುವೆಗೆ ಸೀರೆ ಜೋಡಿಸುವಾಗ.

ಇಂಥ ನಾನು, ಗೆಳತಿ ಶಾರದೆಯ ಶಾಲೆಗೆ ಕಂಪ್ಯೂಟರ್ ಜೋಡಿಸಿಕೊಡುತ್ತೇನೆಂದು ಬಾಯಿಬಿಟ್ಟೆ. ಮಳವಳ್ಳಿಯಾಚೆ ಕಾವೇರಿಯ ಒಂದು ನಡುಗಡ್ಡೆಯಲ್ಲಿ ಅವಳೊಬ್ಬಳೇ ಟೀಚರು, ಹನ್ನೊಂದು ಮಕ್ಕಳು. "ಪುಟ್ಟೇಗೌಡರು ಮೂರೂ ಮಕ್ಕಳನ್ನ ದಡದಾಚೆ ಶಾಲೆಗೆ ಹಾಕ್ತಾರಂತೆ ಕಣೇ. ಅಲ್ಲಿ ಕಂಪ್ಯೂಟರ್ ಇದೆಯಂತೆ. ಅವರು ಹೋದ್ರೆ ಉಳಿದವರೂ ಹೋಗ್ತಾರೆ, ನಮ್ಮ ಶಾಲೆ ಮುಚ್ಚಿದ ಹಾಗೇ" ಎಂದು ಮಂಡ್ಯದ ನಮ್ಮ ಮನೆಯಲ್ಲಿ ಕೂತು ಅತ್ತಳು. ಕಣ್ಣೀರು ಉಪ್ಪಿಟ್ಟಿನ ತಟ್ಟೆಗೆ ಬೀಳುತ್ತಿತ್ತು; ನೋಡಲಾರದೆ ಒಪ್ಪಿಬಿಟ್ಟೆ. ಯಜಮಾನರ ಆಫೀಸಿನಲ್ಲಿ ಮೂಲೆ ಸೇರಿದ್ದ ಎರಡು ಕಂಪ್ಯೂಟರ್ ಸಿಕ್ಕವು. "ನಿನಗೆ ಜೋಡಿಸಕ್ಕೆ ಬರುತ್ತಾ?" ಎಂದರು ಅವರು. "ನಿಮ್ಮ ಸಂಸಾರ ಜೋಡಿಸಿಲ್ವಾ?" ಎಂದೆ.

ಹಳೆಯ ರೇಷ್ಮೆ ಸೀರೆ ಸುತ್ತಿದ ಮಾನಿಟರನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹರಿಗೋಲಿನಲ್ಲಿ ಕೂತೆ. ನಡುಹೊಳೆಯಲ್ಲಿ ಹರಿಗೋಲು ಗಿರ್ರನೆ ಸುತ್ತಿದಾಗ, ಐವತ್ತು ದಾಟಿದ ನಾವಿಬ್ಬರೂ ಲಂಗದ ಹುಡುಗಿಯರಂತೆ ಕಿರುಚಿ ನಕ್ಕೆವು. ಶಾಲೆಯಲ್ಲಿ ಊರೇ ನೆರೆದಿತ್ತು. ಕಂಪ್ಯೂಟರಿಗೆ ಅರಿಶಿನ ಕುಂಕುಮವಾಯಿತು, ಮಂಗಳಾರತಿಯೂ ಆಯಿತು. ಎಲ್ಲ ಜೋಡಿಸಿ ಗೋಡೆಯ ಪ್ಲಗ್ಗಿನತ್ತ ತಿರುಗಿದೆ. ಕರೆಂಟಿನ ವೈರುಗಳೆಲ್ಲಿ? ನಾಲ್ಕನ್ನೂ ಚೆಂದವಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಕಳೆಯಬಾರದೆಂದು ಬೇರೆಯಾಗಿ, ಬಹಳ ಜೋಪಾನವಾಗಿ ಎತ್ತಿಟ್ಟಿದ್ದೆ. ಮಂಡ್ಯದಲ್ಲಿ.

ಪುಟ್ಟೇಗೌಡರು ಕಂಪ್ಯೂಟರಿನ ಹಿಂಭಾಗಕ್ಕೆ ಬಗ್ಗಿ ನೋಡಿದರು. "ಏನ್ ಟೀಚರಮ್ಮ, ಎಮ್ಮೆ ತಂದವ್ರೆ, ಬಾಲಾನೇ ಇಲ್ವಲ್ಲ! ಬುಡಿ ಅತ್ಲಾಗೆ. ಟೀಸಿ ಬರ್ಕೊಡಿ, ನಾವ್ ಓಯ್ತೀವಿ."

ಶಾರದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಅವಳ ಮುಖ ನೋಡುವ ಧೈರ್ಯವಿಲ್ಲದೆ ನಾನೂ ಕಂಪ್ಯೂಟರಿನ ಬೆನ್ನನ್ನೇ ನೋಡಿದೆ. ಅಲ್ಲಿದ್ದ ಗುಳಿಯೊಳಗೆ ಮೂರು ಕಡ್ಡಿಗಳು, ಎರಡು ಕಣ್ಣು ಒಂದು ಮೂಗಿನಂತೆ. ಅರೆ, ಈ ಮುಖವನ್ನು ದಿನಾ ಬೆಳಿಗ್ಗೆ ನೋಡುತ್ತೇನಲ್ಲ!

"ಜಯಮ್ಮ, ನಿಮ್ಮನೇಲಿ ಕರೆಂಟ್ ಕುಕ್ಕರ್ ಇದೆಯಾ?" ಎಂದು ಗೌಡರ ಹೆಂಡತಿಯನ್ನು ಕೇಳಿದೆ.

"ಐತೆ ಕಣಕ್ಕ. ಯಾಕೆ, ಅಸಿವಾ?"

"ಅದರ ವೈರು ಬೇಕು. ಇದಕ್ಕೂ ಅದೇ ಆಗುತ್ತೆ."

"ಅನ್ನಕ್ಕಿಟ್ ಬಂದಿವ್ನಲ್ಲಕ್ಕ!" ಎನ್ನುತ್ತಲೇ ಆಕೆ ಓಡಿದರು. ಹಿಂದೆಯೇ ಇನ್ನೂ ಮೂವರು ಓಡಿದರು. ನಾಲ್ಕು ಬಿಸಿ ವೈರುಗಳು ಬಂದವು, ಒಂದಕ್ಕೆ ಗಂಜಿ ಅಂಟಿತ್ತು. ಸೆರಗಿನಲ್ಲಿ ಒರೆಸಿ, ಸಿಕ್ಕಿಸಿ, ಕಣ್ಣು ಮುಚ್ಚಿ ಸ್ವಿಚ್ ಹಾಕಿದೆ. ಕಂಪ್ಯೂಟರ್ ಗುರ್ ಎಂದಿತು, ಪರದೆ ನೀಲಿಯಾಯಿತು. ಮಕ್ಕಳ ಕೂಗಿಗೆ ಮಾವಿನ ಮರದ ಕಾಗೆಗಳೆಲ್ಲ ಎದ್ದವು.

"ಅಲ್ಲ ಕಣಮ್ಮಿ, ಮದ್ಯಾನ್ಕೆ ಅನ್ನ?" ಎಂದರು ಗೌಡರು.

"ಮುದ್ದೆ ಉಣ್ಣು! ಇನ್ನೊಂದ್ಸಲ ಟೀಸಿ ಗೀಸಿ ಅಂದ್ರೆ ಅದೂ ಇಲ್ಲ" ಎಂದರು ಜಯಮ್ಮ.

ಗೌಡರು ಕೀಬೋರ್ಡ್ ಕುಟ್ಟುತ್ತಿದ್ದ ಮಗಳ ಬೆನ್ನ ಹಿಂದೆ ಬಂದು ನಿಂತು, ಮೆಲ್ಲಗೆ, "ನನ್ ಎಸ್ರು ಒಡಿ ಮಗ" ಎಂದರು. ಶಾರದೆ ನನ್ನ ಕೈಯನ್ನು ಬಳೆ ಒತ್ತುವಷ್ಟು ಹಿಸುಕಿದಳು.

ಹನ್ನೊಂದು ಮಕ್ಕಳೂ ಉಳಿದಿದ್ದಾರೆ. ಆದರೆ ಕಂಪ್ಯೂಟರ್ ಪಾಠದ ದಿನ ನಾಲ್ಕು ಮನೆಗಳಲ್ಲಿ ಅನ್ನವಿಲ್ಲವಂತೆ. ವೈರು ತಂದುಕೊಡು ಎಂದು ಶಾರದೆಯ ಫೋನು. ಹಳೆಯವು ಸಿಗಲೇ ಇಲ್ಲ. ಹೊಸದಾಗಿ ನಾಲ್ಕು ಕೊಂಡು, ನಾಳೆ ಒಯ್ಯಬೇಕಲ್ಲ ಎಂದು ನಿನ್ನೆಯೇ ಜೋಪಾನವಾಗಿ ಎತ್ತಿಟ್ಟೆ. ಬೆಳಗಿನಿಂದ ಹುಡುಕುತ್ತಿದ್ದೇನೆ. ಸದ್ಯಕ್ಕೆ ನಮ್ಮನೆ ಕುಕ್ಕರಿನ ವೈರನ್ನು ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಯಜಮಾನರಿಗಿನ್ನೂ ಹೇಳಿಲ್ಲ.